ನೀರುಗಂಟಿ ಕಂಡ ಕಡಲು

ತೊಂಡೇಬಾವಿ
14-3-2004, ಭಾನುವಾರ

ನನ್ನ ಕಂದ ಕನಕರಾಜನಿಗೆ,

ನಿನ್ನ ತಲೆ ಸವರಿ ಅಮ್ಮ ಬರೆಯುವುದು. ಹೇಗಿದ್ದೀಯಪ್ಪ? ಐಸ್ ಫ್ಯಾಕ್ಟರಿಯ ಥಂಡಿಗೆ ಕೆಮ್ಮು ಜಾಸ್ತಿಯಾಯಿತಾ? ಹೊತ್ತಿಗೆ ಸರಿಯಾಗಿ ಉಣ್ಣು. ನನಗಂತೂ ನಿದ್ದೆ ಹತ್ತುತ್ತಿಲ್ಲ. ಕಣ್ಣು ಮುಚ್ಚಿದರೆ ಅದೇ ಕನಸು. ನಿಮ್ಮಪ್ಪ ನಮ್ಮ ಕೆರೆಯ ತೂಬಿನ ಮೇಲೆ ಕೂತಿದ್ದಾರೆ, ಕೆರೆ ತುಂಬ ಉಪ್ಪುನೀರು, ನಾನು ಏರಿ ಮೇಲಿಂದ ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ. ಬೆವತು ಎದ್ದು ಕೈಯ ಬಳೆ ಮುಟ್ಟಿ ನೋಡಿಕೊಳ್ಳುತ್ತೇನೆ.

ಬಳೆ ಇನ್ನೂ ಇದೆ ಕಣಪ್ಪ. ದಡಕ್ಕೆ ಬಂದ ಹೆಣ ಅಪ್ಪನದೇ, ಮುಖ ಗುರುತು ಸಿಗುತ್ತಿರಲಿಲ್ಲ, ನೀಲಿ ಅಂಗಿ ನೋಡಿ ಹೇಳಿದೆ, ಅಲ್ಲೇ ಮಣ್ಣು ಮಾಡಿದೆವು ಅಂತ ನೀನು ಅಂಗಡಿ ಫೋನಿಗೆ ಹೇಳಿದಾಗಿನಿಂದ ಮನೆ ತುಂಬ ಜನ. ನಿಮ್ಮ ಸೋದರತ್ತೆ ಅಕ್ಕಯಮ್ಮ ಮುಂದಿನ ಸೋಮವಾರ ಬಳೆ ಒಡೆಸುವುದು ಅಂತ ತೀರ್ಮಾನ ಮಾಡಿಬಿಟ್ಟಿದ್ದಾಳೆ. "ಇನ್ನೂ ಎಷ್ಟು ದಿನ ಕುಂಕುಮ ಇಟ್ಕೊಂಡು ತಿರುಗ್ತೀಯಮ್ಮಾ, ಊರು ನಗ್ತದೆ" ಅಂದಳು. ಅವಳ ಅಣ್ಣ ಅಲ್ಲವಾ, ಅವಳ ಕಣ್ಣಲ್ಲೂ ನೀರಿತ್ತು. ಒಡೆದ ಮೇಲೆ ಆ ಮನುಷ್ಯ ಬಾಗಿಲಿಗೆ ಬಂದು ನಿಂತರೆ ಯಾವ ಮುಖ ತೋರಿಸಲಿ?

ನಿಮ್ಮ ಗಂಗೊಳ್ಳಿಯನ್ನು ಬಯ್ಯೋಣ ಅಂತ ಕೂತರೆ ಬಾಯಿಗೆ ಮಾತೇ ಬರುವುದಿಲ್ಲ. ಸಂಕ್ರಾಂತಿಗೆ ನಾವಿಬ್ಬರೂ ಬಂದಾಗ ಕುಂದಾಪುರದಿಂದ ದೋಣಿಯಲ್ಲಿ ದಾಟಿದೆವಲ್ಲ, ಉಪ್ಪು ತಿಂದ ಗೋಡೆಗಳ ಆ ಹಳೇ ಹಂಚಿನ ಗೋದಾಮುಗಳು, ಅವುಗಳ ಸೂರಿನಡಿ ಕೂತು ಬಲೆ ಹೆಣೆಯುವ ಮುದುಕರು, ಒಂದು ಕಡೆಯಿಂದ ಮಸೀದಿಯ ಕೂಗು, ಇನ್ನೊಂದು ಕಡೆಯಿಂದ ಚರ್ಚಿನ ಗಂಟೆ, ಎರಡೂ ನೀರಿನ ಮೇಲೆ ತೇಲಿ ಬರುತ್ತಿದ್ದವು. ಮೊದಲು ಮೀನಿನ ವಾಸನೆಗೆ ಸೆರಗು ಮುಚ್ಚಿಕೊಂಡವಳು, ಊರಿಗೆ ಬಂದ ಮೇಲೆ ಅದೇ ವಾಸನೆ ಎಲ್ಲಿ ಹೋಯಿತು ಅಂತ ಹುಡುಕಿದೆ. ನನಗೇ ಹೀಗಾದರೆ ನಿಮ್ಮಪ್ಪನಿಗೆ ಹೇಗಾಗಿರಬೇಡ? ಹುಟ್ಟಿದಾಗಿನಿಂದ ಕೆರೆ ಕಾದು ತೂಬು ಎತ್ತಿ ಗದ್ದೆಗದ್ದೆಗೆ ನೀರು ಬಿಟ್ಟ ನೀರುಗಂಟಿ. ಕೆರೆಯಲ್ಲಿ ಜಾಲಿ ಬೆಳೆದ ಮೇಲೂ ದಿನಾ ಏರಿ ಸುತ್ತಿ ಬರುತ್ತಿದ್ದವರು. ಅಲ್ಲಿ ಬಂದರಿನ ಮೆಟ್ಟಿಲ ಮೇಲೆ ಕೂತು, ನೀರು ಇಳಿದಾಗ ಕೆಸರಿನಲ್ಲಿ ಕಡ್ಡಿ ನೆಡುವುದು, ಏರಿದಾಗ ಅದನ್ನು ಹುಡುಕುವುದು. ಮೀನು ಆರಿಸುವ ಹೆಂಗಸೊಬ್ಬಳು "ಅಜ್ಜಾ, ಕಡಲ್ ಕಾಯುಕೆ ಬಂದದ್ದಾ? ಸಂಬ್ಳ ಎಷ್ಟ್?" ಅಂತ ಛೇಡಿಸಿದಳು. ಇವರು ನಕ್ಕುಬಿಟ್ಟರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಊರಿಗೆ ಬಂದರೂ ಅದೇ ಧ್ಯಾನ. "ಅಲ್ಲಿ ತೂಬು ಎತ್ತೋರೇ ಇಲ್ಲ ಕಣೇ, ಆದ್ರೂ ನೀರು ಹೋಗ್ತದೆ, ಬರ್ತದೆ" ಅನ್ನುವರು. ಕಡೆಗೆ ಈ ತಿಂಗಳ ಮೊದಲಲ್ಲಿ ಒಬ್ಬರೇ ಬಸ್ಸು ಹತ್ತಿದರು.

ಹೊಳೆ ಕಡಲು ಸೇರುವ ಅಳಿವೆಯ ಮರಳದಿಬ್ಬಕ್ಕೆ ನಡೆದುಹೋಗಿ ಕಡಲಿಗೆ ಮುಖ ಮಾಡಿ ಕೂತಿದ್ದರು, ನೀರು ಬೆನ್ನ ಹಿಂದಿನಿಂದ ಬಂತು, ದೋಣಿಯವನು ಕೂಗಿದ, ಮತ್ತೆ ನೋಡುವಾಗ ಇರಲಿಲ್ಲ, ಇಷ್ಟು ನೀನು ಹೇಳಿದ್ದು. ಇದೊಂದು ಮಾತ್ರ ನಾನು ನಂಬುತ್ತೇನೆ. ಕೆರೆಯಲ್ಲಿ ನೀರು ಏರಿದರೆ ಎದುರಿನಿಂದಲೇ ಏರುತ್ತದೆ, ಹಿಂದೆ ಸರಿದರೆ ಏರಿ ಸಿಗುತ್ತದೆ. ಬೆನ್ನ ಹಿಂದೆ ನೀರು ಬರುತ್ತದೆ ಅಂತ ಅವರಿಗೆ ಯಾರು ಹೇಳಿಕೊಟ್ಟಿದ್ದರು? ಆದರೆ ದೋಣಿಯವನು ಮುಳುಗಿದ್ದನ್ನು ನೋಡಲಿಲ್ಲವಲ್ಲ. ಆಚೆ ದಡಕ್ಕೆ ಹತ್ತಿರಲಾರರೇ?

ನೀನು ಶನಿವಾರ ಹೊರಡುತ್ತೀಯ ಅಂದೆ. ಬಸ್ಸಿನಲ್ಲಿ ಕಿಟಕಿ ಹತ್ತಿರ ಕೂರಬೇಡ, ಗಾಳಿ ತಾಗುತ್ತದೆ. ನಿನ್ನ ಜೊತೆ ಕೆಲಸ ಮಾಡುವ ಚಲಪತಿಗೂ ಕೇಳಿದೆ ಅಂತ ಹೇಳು. ದೇವರು ನಿನ್ನನ್ನು ನೀರಿನಿಂದ ದೂರ ಇಟ್ಟು ಕಾಪಾಡಲಿ.

ನಿನ್ನ ಅಮ್ಮ,
ಆದಿಲಕ್ಷ್ಮಮ್ಮ

ಅಕ್ಕಯಮ್ಮ ಒಳಗೆ ಬರುವಷ್ಟರಲ್ಲಿ ಇದೊಂದು. ಅಂಗಡಿ ಫೋನಿನ ಮುಂದೆ ಜನ ನಿಂತಿರುತ್ತಾರೆ, ಅದಕ್ಕೇ ಕಾಗದ. ನೀಲಿ ಅಂಗಿ ಬಂದರಿನಲ್ಲಿ ಎಷ್ಟು ಜನಕ್ಕಿಲ್ಲ? ನಿಮ್ಮಪ್ಪನ ಬಲಗಾಲಿನ ಹೆಬ್ಬೆರಳಿಗೆ ಉಗುರಿಲ್ಲ, ನೀನು ಹುಟ್ಟುವ ಮೊದಲೇ ಕಲ್ಲು ಬಿದ್ದು ಹೋದದ್ದು ಮತ್ತೆ ಬರಲಿಲ್ಲ. ಹೊರಡುವ ಮುಂಚೆ ಹೆಣ ತೊಳೆದವರನ್ನು ಒಂದು ಸಾರಿ ಕೇಳು, ಕಾಲು ಹೇಗಿತ್ತು ಅಂತ. ಬಲಗಾಲು, ಉಗುರು ಅಂತ ನೀನು ಮೊದಲೇ ಬಾಯಿ ಬಿಡಬೇಡಪ್ಪ. ಅವರೇ ಹೇಳಲಿ.