ಕಾಲುದಾರಿಯಾದ ಹಳ್ಳ

ಆಗಸ್ಟ್ ೮, ಗುರುವಾರ.

ಭಾವನ ಆ ನಗು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೈಯೆಲ್ಲ ಉರಿಯುತ್ತಿದೆ.

ಹಳ್ಳದ ಅಂಚಿನಿಂದ ಮೂವತ್ತು ಮೀಟರ್ ಒಳಗೆ ಏನನ್ನೂ ಕಟ್ಟಬಾರದು. ನಿಯಮ ಇಷ್ಟೇ. ಅಕ್ಕನ ಗಂಡನೆಂಬ ಈ ಮನುಷ್ಯ ಹನ್ನೆರಡು ಮೀಟರಿಗೇ ಪಾಯ ತೋಡಿಸಿದ್ದಾನೆ; ಅಗೆದ ಮಣ್ಣನ್ನೆಲ್ಲ ಪಕ್ಕದ ಜೌಗಿಗೆ ಸುರಿಸಿದ್ದಾನೆ. ಇವತ್ತು ನಾನೇ ಟೇಪು ಹಿಡಿದು ಅಳೆದೆ. ಹಳ್ಳದ ನೀರು ಬೂಟಿನೊಳಗೆ ನುಗ್ಗಿತು.

"ಕೆಲಸ ನಿಲ್ಲಿಸಿ ಭಾವ, ಇಲ್ಲಾಂದ್ರೆ ನೋಟಿಸ್ ಕೊಡ್ತೀನಿ" ಎಂದೆ.

ಅವನು ಜೀಪಿನಿಂದ ನಕ್ಷೆಯೊಂದನ್ನು ತೆಗೆದು ಬಾನೆಟ್ಟಿನ ಮೇಲೆ ಹರಡಿದ. "ಎಲ್ಲಪ್ಪಾ ಹಳ್ಳ? ನಿಮ್ಮ ಆಫೀಸಿನ ನಕ್ಷೇಲೇ ಇಲ್ಲ. ಇಲ್ಲದ ಹಳ್ಳಕ್ಕೆ ಎಷ್ಟು ಮೀಟರ್ ಜಾಗ ಬಿಡ್ಲಿ, ನೀನೇ ಹೇಳು."

ಹಳ್ಳ ಇರಬೇಕಾದಲ್ಲಿ ಒಂದು ಚುಕ್ಕೆಗೆರೆ. ಪಕ್ಕದಲ್ಲಿ 'ಕಾಲುದಾರಿ' ಎಂದು ಬರೆದಿತ್ತು. ಕೆಳಗೆ ಸರ್ವೇಯರನ ಸಹಿ. ನನ್ನದೇ.

ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತು, ಕಡು ಬೇಸಿಗೆ. ಒಣಗಿದ ಹಳ್ಳದೊಳಗೇ ಅಳತೆಯ ಸರಪಳಿ ಎಳೆದುಕೊಂಡು ನಡೆದಿದ್ದೆ. ಕಾಲಿಗೆ ದಾರಿ ಅನ್ನಿಸಿದ್ದನ್ನು ದಾರಿ ಎಂದೇ ಬರೆದೆ. ಮಳೆಗಾಲದಲ್ಲಿ ಇನ್ನೊಮ್ಮೆ ಹೋಗಿ ನೋಡಬೇಕಿತ್ತು. ಹೋಗಲಿಲ್ಲ.

"ನೋಟಿಸ್ ಕೊಟ್ರೆ ಮೊದಲು ನಿನ್ನ ಕುತ್ತಿಗೆಗೇ ಬರುತ್ತೆ. ನಮ್ಮವನು ಅಂತ ಹೇಳ್ತಿದೀನಿ" ಎಂದು ನಗುತ್ತಾ ಬೆನ್ನು ತಟ್ಟಿದ.

ನಮ್ಮವನಂತೆ!

ನಕ್ಷೆ ತಪ್ಪು, ತಪ್ಪು ನನ್ನದು ಎಂದು ಮೇಲಿನವರಿಗೆ ಪತ್ರ ಬರೆದಿಟ್ಟಿದ್ದೇನೆ. ಕೆಲಸ ಹೋದರೆ ಹೋಗಲಿ. ಇದು ಪ್ರಾಮಾಣಿಕತೆಯೂ ಅಲ್ಲ, ಹಳ್ಳದ ಮೇಲಿನ ಪ್ರೀತಿಯೂ ಅಲ್ಲ. ಬೆನ್ನು ತಟ್ಟಿದ ಆ ಕೈಗೆ ನಾಳೆ ನಾನೇ ನೋಟಿಸ್ ಕೊಡಬೇಕು. ಆ ನಗು ಇಳಿಯುವುದನ್ನು ಹತ್ತಿರದಿಂದ ನೋಡಬೇಕು.

ಅಕ್ಕನಿಗೆ ಏನು ಹೇಳುವುದೋ...