ಅವ್ವನ ಪಾಲಿನ ಗುಳಿಗೆ

ಕಲ್ಲೋಳಿ
18 ಆಗಸ್ಟ್ 2024, ರವಿವಾರ

ಪ್ರೀತಿಯ ತಮ್ಮ ಸ್ವಪ್ನಿಲ್‌ಗೆ ಅಕ್ಕ ಸುಮನಳ ಜೈ ಭೀಮ್.

ನಿನ್ನ ಎರಡೂ ಪತ್ರ ಬಂದು ಬಹಳ ದಿನಗಳಾದವು. ಮೊದಲನೆಯದು ಬಂದಾಗ ಅವ್ವ ತೀರಿಹೋದ ಮೇಲಿನ ಪುಣ್ಯಾನುಮೋದನೆಯ ಗಡಿಬಿಡಿಯಲ್ಲಿದ್ದೆ. ಎರಡನೆಯದಕ್ಕೆ ಹೇಳಲು ಯಾವ ನೆಪವೂ ಇಲ್ಲ. ಮೂರು ಸಲ ಬರೆಯಲು ಕುಳಿತು ಮೂರು ಸಲವೂ ಎದ್ದುಹೋದೆ. ಸಿಟ್ಟು ಮಾಡಿಕೊಳ್ಳಬೇಡ. ಆಸ್ಪತ್ರೆಯಲ್ಲಿ ಫೋನ್ ಕೊಡುವುದಿಲ್ಲವೆಂದು ನೀನು ಬೇಸರಪಟ್ಟಿದ್ದೀಯ. ನನಗೆ ಅದೇ ಒಳ್ಳೆಯದಾಯಿತು. ನಿನ್ನ ದನಿ ಕೇಳಿದರೆ ನನ್ನ ಬಾಯಿಂದ ಏನೂ ಹೊರಡುತ್ತಿರಲಿಲ್ಲ.

ಅವ್ವನ ಆರೈಕೆಗೆ ಬಂದವಳು ಇನ್ನೂ ಹತ್ತರಗಿಗೆ, ನನ್ನ ಮನೆಗೆ, ಹೋಗಿಲ್ಲ. ಶಾಲೆಗೆ ಇಲ್ಲಿಂದಲೇ ಬಸ್ಸಿಗೆ ಹೋಗಿಬರುತ್ತೇನೆ. ನಿಮ್ಮ ಭಾವ ಎರಡು ದಿನಕ್ಕೊಮ್ಮೆ ಬಂದು ಚಹಾ ಕುಡಿದು ಹೋಗುತ್ತಾರೆ. ಬಾಜೂ ಮನೆಯ ಭೀಮಶಿ ಕುರಿ ಹೊಡೆದುಕೊಂಡು ಕಣಗಲಾ ಕಡೆ ಹೋಗಿದ್ದಾನೆ. ಹೋಗುವ ಮುಂಚೆ ಬಂದು, "ಸ್ವಪ್ನಿಲ್ ಪತ್ರ ಬರದಾನೇನು ಅಕ್ಕಾ? ಅವ್ವನ ಮಣ್ಣಿಗೆ ಕರಕೊಂಡ್ ಬಂದು ತಿರಗಿ ಧಾರವಾಡದ ದವಾಖಾನಿಗೆ ಬಿಟ್ಟ ಬಂದಾಗಿಂದ ಅಂವನ ಸುದ್ದಿನ ಇಲ್ಲ" ಎಂದ. ಅವನಿಗೊಂದು ಸಾಲು ಬರೆ. ಬೈಕಿನಲ್ಲಿ ಅಷ್ಟು ದೂರ ಹೋಗಿಬರುವುದು ಸಣ್ಣ ಉಪಕಾರವಲ್ಲ.

ಈಗ ನಿನ್ನ ಪತ್ರದ ಮಾತು. ನೀನು ಬರೆದದ್ದನ್ನು ನಾಲ್ಕು ಸಲ ಓದಿದೆ. "ಅಕ್ಕಾ, ಈ ನಾಲಿಗಿ ಕೆಳಗ ಇಡೂ ಗುಳಿಗಿ ನನಗ ಬ್ಯಾಡ. ಬಾಜೂ ಕಾಟಿನವ ನಗತಾನ, ಒಂದು ಬಿಡಾಕ ಇನ್ನೊಂದು ಹಿಡದಿ ಅಂತಾನ. ಅವ್ವನ ಗುಳಿಗಿ ಕದ್ದಾವ್ನ ಬಾಯಾಗ ಇನ್ನ ಯಾವ ಗುಳಿಗಿನೂ ಬೀಳಬಾರದು." ಇದನ್ನು ಓದಿದ ದಿನ ಅಡುಗೆ ಮಾಡಲಿಲ್ಲ.

ಸ್ವಪ್ನಿಲ್, ಎಲ್ಲವೂ ನಿನ್ನೊಬ್ಬನಿಂದಲೇ ಆಯಿತೆಂದು ನೀನು ತಿಳಿದಿದ್ದೀಯ. ಹಾಗಲ್ಲ. ಎರಡು ವರ್ಷದ ಹಿಂದೆ ನೀನು ಮೂಡಲಗಿ ರಸ್ತೆಯಲ್ಲಿ ಲೈನ್ ಕೆಲಸಕ್ಕೆ ಹತ್ತಿದ್ದ ಕರೆಂಟ್ ಕಂಬದಿಂದ ಬಿದ್ದು ತೊಡೆ ಮುರಿದುಕೊಂಡಾಗ ಗೋಕಾಕದಲ್ಲಿ ಆಪರೇಷನ್ ಮಾಡಿದ ಡಾಕ್ಟರು ನೋವಿನ ಗುಳಿಗೆ ಬರೆದದ್ದು ಹತ್ತು ದಿನಕ್ಕೆ ಮಾತ್ರ. ಹನ್ನೊಂದನೆಯ ದಿನ ನೀನು ನೋವು ಎಂದೆ. ನಾನು ಅದೇ ಚೀಟಿ ಹಿಡಿದು ನಮ್ಮೂರ ಮಾಲಿಂಗನ ಮೆಡಿಕಲ್ಲಿಗೆ ಹೋದೆ. "ಅದ ಗುಳಿಗಿ ಏನ್ರಿ ಟೀಚರ್? ಒಯ್ರಿ, ನಮ್ಮ ಹುಡುಗನ ಅಲ್ಲೇನು" ಎಂದು ಆತ ಕೊಟ್ಟ. ಆಮೇಲೆ ಎಷ್ಟೋ ಸಲ ಶಾಲೆ ಬಿಟ್ಟು ತವರಿಗೆ ಬರುವಾಗ ನಾನೇ ತಂದಿದ್ದೇನೆ. ಚೀಟಿ ಮಡಿಕೆಯಲ್ಲಿ ಹರಿದಾಗ ಟೇಪು ಹಚ್ಚಿದೆ. ಕೊನೆಗೆ ಚೀಟಿಯೂ ಬೇಕಾಗಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಸೆರೆ-ಸಾರಾಯಿ ಮುಟ್ಟಿದವರಲ್ಲ ಎಂಬ ಜಂಬ ನಮಗೆ. ಡಾಕ್ಟರು ಬರೆದದ್ದು ಚಟವಾಗುತ್ತದೆಂದು ನನ್ನಂಥ ಓದಿದವಳಿಗೂ ಹೊಳೆಯಲಿಲ್ಲ. ಒಂದಿದ್ದದ್ದು ಎರಡಾಯಿತು, ನಾಲ್ಕಾಯಿತು. ನೀನು ಮತ್ತೆ ಕಂಬ ಹತ್ತತೊಡಗಿದೆ, ನಗತೊಡಗಿದೆ. ಅಷ್ಟೇ ಸಾಕಾಗಿತ್ತು ನಮಗೆ.

ಈ ವರ್ಷ ಮಾರ್ಚಿನಲ್ಲಿ ನೀನೇ ಬಿಡುತ್ತೇನೆಂದು ಹಟ ಹಿಡಿದು ಮೂರು ದಿನ ಮಲಗಿದ್ದೆಯಲ್ಲ, ಅದು ಕಣ್ಣಿಗೆ ಕಟ್ಟಿದೆ. ಆಕಳಿಕೆ, ಸೋರುವ ಮೂಗು, ಮೈಯೆಲ್ಲ ತಣ್ಣನೆಯ ಬೆವರು. ಕಾಲು ತಾವಾಗಿಯೇ ಒದೆಯುತ್ತಿದ್ದವು. ಅವ್ವ ತನ್ನ ಬೆನ್ನುನೋವು ಕಟ್ಟಿಟ್ಟು ನಿನ್ನ ಅಂಗಾಲು ತಿಕ್ಕುತ್ತಾ ಕುಳಿತಿದ್ದಳು. ನಾಲ್ಕನೆಯ ದಿನ ನೀನು ಎದ್ದು ಮಾಲಿಂಗನ ಅಂಗಡಿಗೆ ಹೋದೆ. ನಾವು ಇಬ್ಬರೂ ತಡೆಯಲಿಲ್ಲ. ಇದಕ್ಕೂ ಒಂದು ಉಪಚಾರ ಇದೆ, ಡಾಕ್ಟರ್ ಇದ್ದಾರೆ ಎಂದು ಯಾರಿಗೆ ಗೊತ್ತಿತ್ತು? ನೀನು ಗಟ್ಟಿ ಮನಸ್ಸು ಮಾಡುತ್ತಿಲ್ಲ ಎಂದೇ ನಾನು ಹಂಗಿಸುತ್ತಿದ್ದೆ.

ಮುಂದೆ ಅವ್ವನ ಎದೆಯ ಕ್ಯಾನ್ಸರ್ ಗಂಟು ಬೆನ್ನೆಲುಬಿಗೆ ಇಳಿದದ್ದು, ಬೆಳಗಾವಿಯಲ್ಲಿ ಮಾರ್ಫಿನ್ ಗುಳಿಗೆ ಕೊಟ್ಟದ್ದು ನಿನಗೆ ಗೊತ್ತೇ ಇದೆ. ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ ನಾಗರತ್ನಾ ಡಾಕ್ಟರು ಮೊದಲ ದಿನವೇ ನನಗೆ ಹೇಳಿದ್ದರು: "ಇದು ಅಂಜೂ ಔಷಧ ಅಲ್ರಿ. ಆದ್ರ ಎಣಿಸಿ ಕೊಡೂ ಔಷಧ. ಗುಳಿಗಿ ಪಟ್ಟಿಯಿಂದ ಬಿಚ್ಚಿ ಇಡಬ್ಯಾಡ್ರಿ, ಕೀಲಿ ಹಾಕಿ ಇಡ್ರಿ." ನಾನು ಎರಡೂ ಮಾಡಲಿಲ್ಲ. ಅವ್ವನ ಬೆರಳಿಗೆ ಪಟ್ಟಿ ಒತ್ತಿ ಗುಳಿಗೆ ತೆಗೆಯಲು ಆಗುತ್ತಿರಲಿಲ್ಲವೆಂದು ಬಿಚ್ಚಿ ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ ಗೂಡಿನಲ್ಲಿಟ್ಟೆ. ಇನ್ನು ಕೀಲಿ ಹಾಕುವುದೆಂದರೆ ಯಾರಿಗೆ ಹಾಕುವುದು? ಮನೆಯಲ್ಲಿ ಇದ್ದವನು ನೀನೊಬ್ಬ. ನಿನ್ನ ಕಣ್ಣೆದುರು ಕೀಲಿ ತಿರುಗಿಸಲು ನನಗೆ ಮನಸ್ಸು ಬರಲಿಲ್ಲ.

ಆ ಗುಳಿಗೆಯಿಂದ ಅವ್ವನಿಗೆ ಎರಡು ವಾರ ಎಷ್ಟು ಸುಖ ಸಿಕ್ಕಿತು! ಹೊಸ್ತಿಲಲ್ಲಿ ಕುಳಿತು ತಾನೇ ತಲೆ ಬಾಚಿಕೊಂಡಳು. ಜುಣಕ ಬೇಡಿ ಉಂಡಳು.

ಜೂನಿನಲ್ಲಿ ಮತ್ತೆ ನರಳಾಟ. ನಾಗರತ್ನಾ ಡಾಕ್ಟರು ಬಂದಾಗ ಅವ್ವ ಬೆವರಿ ನಡುಗುತ್ತಿದ್ದಳು, ಆಕಳಿಸುತ್ತಿದ್ದಳು, ಹೊಟ್ಟೆ ಕಿತ್ತುಕೊಂಡು ಹೋಗುತ್ತಿತ್ತು. ಡಾಕ್ಟರು ಕಣ್ಣ ರೆಪ್ಪೆ ಎತ್ತಿ ನೋಡಿದರು, ಡಬ್ಬಿ ಬೇಡಿದರು, ಒಂದು ಗುಳಿಗೆಯನ್ನು ಅಂಗೈಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದರು.

"ಇದು ಮಾರ್ಫಿನ್ ಅಲ್ರಿ ಟೀಚರ್. ಪಿತ್ತದ ಗುಳಿಗಿ. ಮೂರ್ನಾಕು ದಿನದಿಂದ ಇವರ ಹೊಟ್ಟಿಗೆ ಔಷಧನ ಮುಟ್ಟಿಲ್ಲ. ಒಮ್ಮೆಲೆ ನಿಂತದ್ದಕ್ಕ ಮೈ ಹಿಂಗ ಮಾಡಾಕತ್ತೈತಿ."

ನಾನು ಬಾಯಿಮೇಲೆ ಕೈ ಇಟ್ಟುಕೊಂಡೆ. ನೀನು ಬಾಗಿಲಲ್ಲಿ ನಿಂತಿದ್ದವನು ಅಲ್ಲೇ ಕುಳಿತುಬಿಟ್ಟೆ. ನಾನು ನಿನಗೆ ಏನೇನೆಂದೆನೋ, ಬಾಜೂ ಮನೆಯವರೆಲ್ಲ ಹೊರಗೆ ಬಂದರು. ಡಾಕ್ಟರು ಮಾತ್ರ ನನ್ನನ್ನು ಸುಮ್ಮನಿರಿಸಿ ನಿನ್ನ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತರು.

"ಎಷ್ಟು ದಿನ ಆತಪಾ?"

"ಹನ್ನೊಂದು ದಿನ್ರಿ. ಮೊದಲ ಒಂದೆರಡು ತಗೊಂಡು ಪಿತ್ತದ್ದು ಇಟ್ಟೆ. ಆಮ್ಯಾಲ ಎಲ್ಲಾನೂ."

"ಅದಲ್ಲ. ಎಷ್ಟು ವರ್ಷ ಆತು?"

ಆಗ ನೀನು ಅತ್ತೆ. ಕಂಬದಿಂದ ಬಿದ್ದಾಗಲೂ ಹಾಗೆ ಅತ್ತಿರಲಿಲ್ಲ. ಅವರು ಆ ದಿನ ಎರಡು ಚೀಟಿ ಬರೆದರು. ಒಂದು ಅವ್ವನ ಔಷಧಕ್ಕೆ, ಇನ್ನೊಂದು ನಿನ್ನನ್ನು ಧಾರವಾಡದ ಚಟ ಬಿಡಿಸುವ ಆಸ್ಪತ್ರೆಗೆ ಕಳಿಸಲು.

ನಿನ್ನ ಪತ್ರ ಬಂದ ಮೇಲೆ ಗೋಕಾಕಕ್ಕೆ ಹೋಗಿ ಅವರನ್ನು ಕಂಡೆ. ಅವ್ವನ ಉಳಿದ ಗುಳಿಗೆಗಳನ್ನು ಪಟ್ಟಿ ಸಮೇತ ಅವರ ಕೈಗೆ ಒಪ್ಪಿಸಿ ನೀನು ಬರೆದದ್ದನ್ನು ಹೇಳಿ ಕೇಳಿದೆ. "ಸಕ್ಕರಿ ರೋಗದವರು ದಿನಾ ಗುಳಿಗಿ ತಗೊಂಡ್ರ ಯಾರಾರ ನಗತಾರೇನ್ರಿ?" ಎಂದರು. ಆಮೇಲೆ ದನಿ ಇಳಿಸಿ, "ಈಗ ಅವನ ಮೈಗೆ ಹಳೇ ರೂಢಿ ಉಳದಿಲ್ಲ. ಈ ಔಷಧ ನಡುವ ಬಿಟ್ಟು, ಮತ್ತ ಎಂದಾರ ಹಳೇ ಗುಳಿಗಿ ಮೊದಲಿನಷ್ಟ ನುಂಗಿದ ಅಂದ್ರ ಉಸರ ನಿಲ್ಲತೈತಿ. ಬಿಡಿಸೂ ಹೊತ್ತಿಗೆ ಅಲ್ಲಿ ಡಾಕ್ಟರ ಸ್ವಲ್ಪ ಸ್ವಲ್ಪ ಇಳಸತಾರ. ತಾನ ಬಿಡೂದು ಬ್ಯಾಡ ಅಂತ ಹೇಳ್ರಿ" ಎಂದರು. ಹೇಳಿದ್ದೇನೆ. ಕಾಲು ಹಿಡಿದು ಹೇಳಿದೆ ಎಂದೇ ತಿಳಿ.

ಬರುವಾಗ ಮಾಲಿಂಗನ ಅಂಗಡಿ ಮುಂದೆ ಇಳಿದೆ. ನನ್ನ ಹತ್ತಿರ ಏಳನೆಯ ಇಯತ್ತೆ ಕಲಿತ ಓಂಕಾರ ಅಲ್ಲಿ ನಿಂತಿದ್ದ, ನನ್ನನ್ನು ಕಂಡು ಕೈಯಲ್ಲಿದ್ದದ್ದನ್ನು ಕಿಸೆಗೆ ಹಾಕಿದ. ಹುಡುಗರಿಗೆ ಇನ್ನೂ ಚೀಟಿ ಇಲ್ಲದೆ ಏಕೆ ಕೊಡುತ್ತೀ ಎಂದು ಮಾಲಿಂಗನನ್ನು ಕೇಳಿದೆ. "ನಾ ಕೊಡದಿದ್ರ ಮುಂದಿನ ಅಂಗಡ್ಯಾವ ಕೊಡ್ತಾನ್ರಿ ಟೀಚರ್. ನಿಮಗ ಕೊಡೂಮುಂದ ನೀವು ಬ್ಯಾಡ ಅಂದ್ರೇನು?" ಎಂದ. ಮನೆಗೆ ಬಂದೆ. ಔಷಧದ ಅಂಗಡಿಗಳನ್ನು ನೋಡಿಕೊಳ್ಳುವ ಸಾಹೇಬರಿಗೆ ಅರ್ಜಿ ಬರೆದಿದ್ದೇನೆ. ಸಹಿ ಮಾಡಲಾಗದೆ ಚೀಲದಲ್ಲಿಯೇ ಇಟ್ಟುಕೊಂಡು ತಿರುಗುತ್ತಿದ್ದೇನೆ. ಅದರಲ್ಲಿ ಮೊದಲು ನನ್ನ ಹೆಸರೇ ಬರಬೇಕಲ್ಲ.

ಬಿಡುಗಡೆಯಾಗಿ ಬಂದ ಮೇಲೆ ಮುಂದೇನು ಎಂದು ಕೇಳಿದ್ದೀಯ. ನನಗೆ ಗೊತ್ತಿಲ್ಲ ತಮ್ಮಾ. ಗೊತ್ತಿದೆ ಎಂದು ಸುಳ್ಳು ಹೇಳಲಾರೆ. ಹತ್ತರಗಿಗೆ ಬಾ, ನಮ್ಮ ಮನೆಯಲ್ಲಿರು ಎನ್ನುವುದಷ್ಟೇ ನನ್ನ ಕೈಯಲ್ಲಿದೆ.

ಹೊತ್ತಿಗೆ ಉಣ್ಣು. ಕೊಟ್ಟ ಔಷಧವನ್ನು ನಾಚದೆ ತೆಗೆದುಕೊ. ಬುದ್ಧನ ಕರುಣೆ ನಿನ್ನ ಕಾಟಿನ ಬಳಿ ಇರಲಿ, ಬಾಜೂ ಕಾಟಿನವನ ಬಳಿಯೂ ಇರಲಿ. ನಿನಗೆ ಒಳ್ಳೆಯ ನಿದ್ದೆ ಬರಲಿ.

ನಿನ್ನ ಅಕ್ಕ
ಸುಮನ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯದಿದ್ದರೆ ಇನ್ನೆಂದೂ ಬರೆಯಲಾರೆ. ಹನ್ನೊಂದು ದಿನದಲ್ಲಿ ಐದನೆಯ ದಿನ ಅವ್ವ ನನ್ನನ್ನು ಹತ್ತಿರ ಕರೆದಳು. "ಸುಮೀ, ಈ ಗುಳಿಗಿ ಕಹಿ ಇಲ್ಲಬೇ. ನಮ್ಮ ಸ್ವಪ್ಯಾ ತಗೊಂಡಾನ" ಎಂದಳು. ನಾನು ಎದ್ದು ನಿಂತೆ. ಸೆರಗು ಹಿಡಿದೆಳೆದಳು. "ಯಾರ ಮುಂದೂ ಅನಬ್ಯಾಡ. ನಾ ಹೆಂಗೂ ಹೋಗಾಕಿ. ಅಂವಾ ಮತ್ತ ಹಂಗ ಒದ್ದ್ಯಾಡೂದು ನೋಡಾಕ ನನಗ ಆಗೂದಿಲ್ಲ." ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ನಾನು ಹೂಂ ಎಂದೆ. ಅಲ್ಲಿಂದ ಮುಂದೆ ಆರು ದಿನ ಆ ಪಿತ್ತದ ಗುಳಿಗೆಗಳನ್ನು ಗೊತ್ತಿದ್ದೂ ನನ್ನ ಕೈಯಾರೆ ಅವ್ವನ ಬಾಯಿಗೆ ಹಾಕಿ ನೀರು ಕುಡಿಸಿದೆ. ಆಕೆ ಗೋಡೆಯ ಕಡೆ ಹೊರಳಿ ನರಳುವಾಗ ಹೊರಗೆ ಹೋಗಿ ಅರಿವೆ ತೊಳೆದೆ. ಡಾಕ್ಟರ ಮುಂದೆ ಏನೂ ತಿಳಿಯದವಳಂತೆ ಬೆಚ್ಚಿದವಳೂ ನಾನೇ, ಬೀದಿಗೆ ಕೇಳುವಂತೆ ನಿನ್ನನ್ನು ಬೈದವಳೂ ನಾನೇ. ಆ ಆರು ದಿನಗಳನ್ನು ನೀನು ಹೊರಬೇಡ ಸ್ವಪ್ನಿಲ್. ಅವು ನನ್ನವು.