ಟೊಪ್ಪಿಗೆ ತೆಗೆಯದೆ ಓದಿದ ಪತ್ರ

ದಿಜೋನ್, ನವೆಂಬರ್ 14, 1647

ಬೆಳಿಗ್ಗೆ ಮೂರು ಮೊಕದ್ದಮೆ. ಗಂಟಲು ಕಟ್ಟಿತ್ತು, ಜೇನು ನೆಕ್ಕಿ ಹೋದೆ. ಮೂರನೆಯದು ವಿಧವೆ ಪೆರೆಟ್‌ಳದು. ಅವಳ ಗಿರಣಿಯನ್ನು ಮುಖ್ಯ ನ್ಯಾಯಾಧೀಶನ ಭಾವಮೈದುನ ನುಂಗಿ ಕೂತಿದ್ದಾನೆ. ಅವಳು ಬರೆಸಿದ ಪತ್ರ ಓದಿದೆ: 'ಈ ನ್ಯಾಯಪೀಠ ನೆಂಟರ ಊಟದ ಮೇಜು.'

ಓದಿದ್ದು ಸರಿ. ಟೊಪ್ಪಿಗೆ ತೆಗೆಯಲು ಮರೆತೆ. ಇಪ್ಪತ್ತೆರಡು ವರ್ಷ ವಕೀಲಿ ಮಾಡಿದವನಿಗೆ ಕೋರ್ಟಿನ ರೂಢಿ — ನಮ್ಮ ಮಾತಿಗೆ ಟೊಪ್ಪಿಗೆ ತಲೆಯ ಮೇಲೆ, ಬೇರೆಯವರ ಕಾಗದ ಓದುವಾಗ ಕೈಯಲ್ಲಿ — ಇಷ್ಟೂ ನೆನಪಾಗಲಿಲ್ಲ. ಸಿಟ್ಟು ನೆತ್ತಿಗೇರಿತ್ತು.

ಕಾಯುತ್ತಿದ್ದವನ ಹಾಗೆ ನಕ್ಕ ಮುಖ್ಯ ನ್ಯಾಯಾಧೀಶ. "ಹಾಗಾದ್ರೆ ಇದು ನಿಮ್ಮದೇ ಮಾತು, ತವೆರ್ನೊ ವಕೀಲರೆ. ಬರ್ಕೊಳ್ಳಿ, ಗುಮಾಸ್ತರೆ."

ಅದೇ ದಿನ, ಸಂಜೆ

ಇಪ್ಪತ್ತನೇ ತಾರೀಖು ಕೋರ್ಟಿನಲ್ಲಿ ಕ್ಷಮಾಪಣೆ ಓದಬೇಕಂತೆ. ಬರೆದೂ ಕೊಟ್ಟಿದ್ದಾರೆ, ಪುಣ್ಯಾತ್ಮರು. 'ಆ ಹೆಂಗಸು ಹೇಳಿದ್ದೆಲ್ಲ ಸುಳ್ಳು' ಎಂದಿದೆ. ಓದಿದರೆ ಅವಳ ಗಿರಣಿ ಹೋಯಿತು. ಓದದಿದ್ದರೆ ವಕೀಲರ ಪಟ್ಟಿಯಿಂದ ನನ್ನ ಹೆಸರು.

ನವೆಂಬರ್ 18

ಮೊನ್ನೆವರೆಗೆ ನನ್ನ ವಾದಕ್ಕೆ ತಲೆದೂಗುತ್ತಿದ್ದ ಮಿತ್ರರು ಈಗ ನನ್ನನ್ನು ಕಂಡರೆ ಬೀದಿ ದಾಟುತ್ತಾರೆ. ಹೇಡಿಗಳು. ಮನೆಯಲ್ಲಿ ಕೂಗಾಡಿದೆ. ಹೆಂಡತಿ ಕ್ಲೋದಿನ್ ಸಾಸಿವೆ ಅರೆಯುತ್ತಲೇ ಎಲ್ಲ ಕೇಳಿಸಿಕೊಂಡಳು.

"ಕಾಗದ ಅವರದ್ದು ತಾನೆ? ಟೊಪ್ಪಿಗೆ ತೆಗ್ದು ಓದಿ. ನೋಡೋರಿಗೆ ವಿನಯ ಕಾಣತ್ತೆ. ಗೊತ್ತಿರೋರಿಗೆ ಗೊತ್ತಾಗತ್ತೆ."

ಕಾನೂನು ಓದಿದವನು ನಾನು. ಹೊಳೆದದ್ದು ಅವಳಿಗೆ. ನಾಲ್ಕು ದಿನದಲ್ಲಿ ಇವತ್ತು ಹೊಟ್ಟೆ ತುಂಬ ಉಂಡೆ.

ನವೆಂಬರ್ 20, ಮಧ್ಯಾಹ್ನ

ಟೊಪ್ಪಿಗೆ ತೆಗೆದೆ. ಕಾಗದ ಬಿಚ್ಚಿದೆ. ವಕೀಲರ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು... ಆ ನಗೆಯೇ ಕೆಡಿಸಿತು. ನ್ಯಾಯಾಧೀಶನಿಗೆ ಅರ್ಥವಾಯಿತು.

"ಟೊಪ್ಪಿಗೆ ಇಟ್ಕೊಂಡು ಓದಿ, ವಕೀಲರೆ. ನಿಮ್ಮ ಮಾತಾಗೇ ಓದಿ."

ಹಿಂದೆ ಕಂಬದ ಹತ್ತಿರ ಪೆರೆಟ್ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

ಟೊಪ್ಪಿಗೆ ಇಟ್ಟುಕೊಂಡೆ. ಕಾಗದ ಮಡಚಿದೆ. "ಈ ನ್ಯಾಯಪೀಠ ನೆಂಟರ ಊಟದ ಮೇಜು," ಅಂದೆ. "ಮೊನ್ನೆ ಇದು ಅವಳ ಮಾತು. ಇವತ್ತು ನಂದು. ಬರ್ಕೊಳ್ಳಿ, ಗುಮಾಸ್ತರೆ."

ಅದೇ ದಿನ, ನಾಲ್ಕು ಗಂಟೆ

ಹೆಸರು ಹೊಡೆದುಹಾಕಿದರು. ಅವಳ ಪತ್ರ ಮಾತ್ರ ಕಡತದಲ್ಲೇ ಇದೆ. ಅದು ಸುಳ್ಳೆಂದು ಯಾರೂ ಓದಲಿಲ್ಲ. ಇನ್ನು ಅವಳಿಗೆ ಬೇರೆ ವಕೀಲ ಬೇಕು. ಆ ಹೇಡಿಗಳಲ್ಲಿ ಒಬ್ಬನಾದರೂ ಎದ್ದು ನಿಲ್ಲಲಿ.

ಬಾಗಿಲು ಬಡಿಯುತ್ತಿದ್ದಾರೆ. ಕೋರ್ಟಿನ ಜವಾನ. ನಿಲುವಂಗಿ, ಟೊಪ್ಪಿಗೆ ಎರಡೂ ಒಪ್ಪಿಸಬೇಕಂತೆ. ನಿಲುವಂಗಿ ಒಯ್ಯಲಿ. ಟೊಪ್ಪಿಗೆ ನನ್ನ ತಲೆಯ ಮೇಲೇ ಇದೆ, ಬಂದು—